ಮೊರ, ಜರಡಿ ಮತ್ತು ನನ್ನ ಹೊಲಿಗೆ ಮೆಷಿನ್ನು

ಈ ಸಲದ ಚುನಾವಣೆಗೆ ಮುಂಚೆ ನಾನು ಮೂರು ಸಲ ಗಂಡನಿಂದ ಬಿಡುಗಡೆ ಪಡೆದಿದ್ದೆ, ಮೂರು ಸಲ ಅದೇ ಗಂಡನಿಗೆ ಮತ್ತೆ ಹೆಂಡತಿಯಾಗಿದ್ದೆ. ಇದರಲ್ಲಿ ನನ್ನ ಚಪಲ ಏನೂ ಇಲ್ಲ ಸ್ವಾಮಿ, ಎಲ್ಲ ಓಟಿನ ಪ್ರಕಾರ ಆದದ್ದು. ನಮ್ಮ ರಾಜ್ಯ ಅಂದರೆ ಈ ಊರು ಮತ್ತು ಸುತ್ತಲ ನಾಲ್ಕು ಹಳ್ಳಿ. ಅದಕ್ಕೊಂದು ದೊಡ್ಡ ಕೋರ್ಟು, ಕೋರ್ಟಿಗೊಂದೇ ಜಡ್ಜಿ ಕುರ್ಚಿ. ಆ ಕುರ್ಚಿಗೆ ಮೂರು ವರ್ಷಕ್ಕೊಮ್ಮೆ ಪಕ್ಷದ ಗುರುತಿನ ಮೇಲೆ ಚುನಾವಣೆ ನಡೆಯುತ್ತದೆ. ಪಕ್ಷ ಬದಲಾದರೆ ಹಿಂದಿನ ಪಕ್ಷ ಕೊಟ್ಟ ತೀರ್ಪೆಲ್ಲ ತಿರುಗಿ ಬೀಳುತ್ತದೆ, ಫಲಿತಾಂಶ ಬಂದ ಮುಂದಿನ ಮಂಗಳವಾರದಿಂದ ಜಾರಿ. ಹೊರಗಿನವರು ಕೇಳಿದರೆ ನಗುತ್ತಾರೆ. ನಗಲಿ ಬಿಡಿ. ಅವರ ಕಡೆ ಒಂದು ಕೇಸು ಮುಗಿಯಲು ಮೂವತ್ತು ವರ್ಷ ಬೇಕಂತೆ, ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ತಪ್ಪದೆ ಮುಗಿಯುತ್ತದೆ.

ನಮ್ಮಜ್ಜನ ಕಾಲದಲ್ಲಿ ಜಡ್ಜಿಯನ್ನು ಮೇಲಿನವರೇ ನೇಮಿಸುತ್ತಿದ್ದರಂತೆ. ಹಾಗೆ ಬಂದ ಕೊನೆಯ ಜಡ್ಜಿಗೆ ಊಟವಾದ ಕೂಡಲೇ ನಿದ್ದೆ. ಎಚ್ಚರವಾದಾಗ ಕಣ್ಣೆದುರಿಗೆ ಯಾರು ನಿಂತಿರುತ್ತಾರೋ ಅವರದೇ ಗೆಲುವು. ಜನ ಎದುರಿಗೆ ನಿಲ್ಲಲು ನೂಕಾಡಿ ನೂಕಾಡಿ ಒಂದು ದಿನ ಕಟಕಟೆಯನ್ನೇ ಮುರಿದು ಹಾಕಿದರು. "ನಮ್ಮ ಜಡ್ಜಿಯನ್ನು ನಾವೇ ಆರಿಸ್ಕೋತೀವಿ" ಅಂತ ಗಲಾಟೆ ಎದ್ದು ಚುನಾವಣೆ ಬಂತು. ಆದರೆ ಯಾವ ವಕೀಲ ಒಳ್ಳೆಯವನು ಯಾವನು ಕೆಟ್ಟವನು ಅಂತ ಯಾರಿಗೆ ಗೊತ್ತು? ಕರಿ ಕೋಟು ಹಾಕಿದ ಮೇಲೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ಹಾಗಾಗಿ ಗುರುತು ಬಂತು, ಗುರುತಿನ ಹಿಂದೆ ಪಕ್ಷ ಬಂತು. ಒಂದು ಮೊರ, ಇನ್ನೊಂದು ಜರಡಿ. ಮೊರದವರು ಇದ್ದದ್ದು ಇದ್ದ ಹಾಗೇ ಇರಲಿ ಅನ್ನುವವರು, ಜರಡಿಯವರು ಇದ್ದದ್ದನ್ನು ಬಿಡಿಸಿ ಅನ್ನುವವರು. ಗೋಡೆಯಿದ್ದರೆ ಮೊರ ಉಳಿಸುತ್ತದೆ, ಜರಡಿ ಕೆಡವುತ್ತದೆ. ಮದುವೆಗೂ ಇದೇ ಲೆಕ್ಕ.

ಅಭ್ಯರ್ಥಿ ಯಾರಾದರೇನು, ಗುರುತು ಮುಖ್ಯ ಅನ್ನುವುದು ಐದನೇ ಚುನಾವಣೆಯಲ್ಲಿ ಖಾತ್ರಿಯಾಯಿತು. ಮತದಾನಕ್ಕೆ ಎಂಟು ದಿನ ಇರುವಾಗ ಮೊರದ ಅಭ್ಯರ್ಥಿ ತೀರಿಕೊಂಡರು. ಅಷ್ಟರಲ್ಲಿ ಹೆಸರು ಅಚ್ಚಾಗಿತ್ತು, ಪಕ್ಕದಲ್ಲಿ ಮೊರ ಇತ್ತು, ಜನ ಮುದ್ರೆ ಒತ್ತಿದರು, ಪುಣ್ಯಾತ್ಮರು ಗೆದ್ದರು. ಮೂರು ವರ್ಷ ಕುರ್ಚಿಯ ಮೇಲೆ ಅವರ ಫೋಟೋ ಇಟ್ಟು ಹಾರ ಹಾಕಿ, ಶಿರಸ್ತೇದಾರರು ಪಕ್ಷದ ಪ್ರಣಾಳಿಕೆ ನೋಡಿಕೊಂಡು ತೀರ್ಪು ಓದಿದರು. ಊರಲ್ಲಿ ಅರ್ಧ ಜನಕ್ಕೆ ಜಡ್ಜಿ ಸತ್ತಿದ್ದೇ ಗೊತ್ತಾಗಲಿಲ್ಲ. ಅವರ ಕಾಲದಲ್ಲಿ ಕೋರ್ಟು ಗಂಟೆ ಹೊಡೆದ ಹಾಗೆ ನಡೆಯುತ್ತಿತ್ತು, ಯಾರ ಮೇಲೂ ಒಂದು ದಿನ ರೇಗಲಿಲ್ಲ ಅಂತ ನಮ್ಮಪ್ಪ ಕೊನೆವರೆಗೂ ಹೊಗಳುತ್ತಿದ್ದರು.

ಈಗ ನನ್ನ ಕೇಸಿಗೆ ಬರೋಣ. ನನ್ನ ಹೆಸರು ಸರ್ವಮಂಗಳಾ. ಯಜಮಾನರ ಹೆಸರು ವಿರೂಪಾಕ್ಷಪ್ಪ, ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಾರೆ. ಮದುವೆಯಲ್ಲಿ ನಮ್ಮಮ್ಮ ನನಗೆ ಒಂದು ಕಾಲುಮೆಷಿನ್ ಕೊಟ್ಟಿದ್ದಳು. ಅದರಲ್ಲಿ ನಾನು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದೆ. ಮಗಳಿಗೆ ಎರಡು ವರ್ಷ ಆಗಿದ್ದಾಗ ಒಂದು ದಿನ ಸಂತೆಗೆ ಹೋಗಿ ಬರುತ್ತೇನೆ, ಕಿಟಕಿ ಪಕ್ಕದಲ್ಲಿ ಮೆಷಿನ್ ಇಲ್ಲ! ಅದರ ಕಾಲು ಊರಿದ್ದ ಕಡೆ ನೆಲದ ಮೇಲೆ ನಾಲ್ಕು ಬಿಳಿ ಗುರುತು, ಅಷ್ಟೇ. ಇವರು ಕ್ಲಾರಿನೆಟ್ಟಿನ ಪೀಪಿ ಒರೆಸುತ್ತಾ ಕೂತಿದ್ದರು. "ಮೆಷಿನ್ ಎಲ್ರೀ?" ಅಂದೆ. "ತಂಗಿಗೆ ಬೇಕಿತ್ತಂತೆ, ಕೊಟ್ಟು ಕಳಿಸಿದೆ. ಮನೆ ಸಾಮಾನು ತಾನೆ, ಮನೆಯವರಿಗೇ ಕೊಟ್ಟಿದ್ದು" ಅಂದರು. ತಲೆ ಕೂಡ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಾದಿನಿ ಕೇಳಿದ್ದರೆ ನಾನೇ ಕೊಡುತ್ತಿದ್ದೆನೋ ಏನೋ. ನನ್ನನ್ನು ಒಂದು ಮಾತು ಕೇಳಬೇಕಿತ್ತಲ್ಲ! ಒಂದು ತಿಂಗಳು ಕಾದೆ, ತಪ್ಪಾಯಿತು ಅಂತ ಬಾಯಿ ಬಿಡಲಿಲ್ಲ. ಸೀದಾ ಹೋಗಿ ದೊಡ್ಡ ಕೋರ್ಟಿನಲ್ಲಿ ಅರ್ಜಿ ಹಾಕಿದೆ.

ಆಗ ಕುರ್ಚಿಯಲ್ಲಿ ಜರಡಿ. ನನ್ನ ಮುಖ ಕೂಡ ನೋಡದೆ, ಪ್ರಕರಣ ನೂರ ಹದಿನೇಳು, ಬಿಡುಗಡೆ ಅಂತ ಬರೆದುಕೊಟ್ಟರು. ಇವರು ಹಿತ್ತಾಳೆ ತಂಬಿಗೆ, ಕ್ಲಾರಿನೆಟ್ ಎತ್ತಿಕೊಂಡು ಬ್ಯಾಂಡ್‌ಸೆಟ್ ಅಂಗಡಿಯ ಮೇಲಿನ ರೂಮಿಗೆ ಹೋದರು. ಎರಡು ವರ್ಷಕ್ಕೆ ಮೊರ ಗೆದ್ದಿತು, ಕೂಡಿ ಬಾಳತಕ್ಕದ್ದು ಅಂತಾಯಿತು, ತಂಬಿಗೆ ಕ್ಲಾರಿನೆಟ್ ವಾಪಸ್ಸು. ಆಮೇಲೆ ಜರಡಿ ಎರಡು ಸಲ ಸಾಲಾಗಿ ಗೆದ್ದದ್ದರಿಂದ ಆರು ವರ್ಷ ಬಿಡುಗಡೆ. ಮತ್ತೆ ಮೊರ, ಮತ್ತೆ ಜರಡಿ, ಈ ಸಲದ ಚುನಾವಣೆ ಬರುವ ತನಕ ಮೊರ. ಮಗಳು ಪಾರ್ವತಿ ಶಾಲೆಯ ಫಾರಂ ತುಂಬುವಾಗ "ಅಮ್ಮಾ, ಈ ವರ್ಷ ಅಪ್ಪನ ವಿಳಾಸ ಯಾವುದು?" ಅಂತ ಕೇಳಿಯೇ ಬರೆಯುತ್ತಿದ್ದಳು. ಅವಳ ಮದುವೆಯನ್ನು ಬೇಕಂತಲೇ ಮೊರದ ವರ್ಷಕ್ಕೆ ಇಟ್ಟುಕೊಂಡೆವು, ಧಾರೆಗೆ ಇಬ್ಬರೂ ಒಟ್ಟಿಗೆ ಕೂರಬೇಕಲ್ಲ.

ಊರೆಲ್ಲ ಹೀಗೇ. ಹಿಂದಿನ ಬೀದಿಯ ಪದ್ಮರಾಜಯ್ಯನವರ ಹಿತ್ತಿಲಿಗೂ ಲಾಜರ್ ಮೇಷ್ಟ್ರ ಹಿತ್ತಿಲಿಗೂ ನಡುವೆ ಒಂದು ಗೋಡೆ. ಮೊರ ಬಂದರೆ ಏಳಬೇಕು, ಜರಡಿ ಬಂದರೆ ಬೀಳಬೇಕು. ಅವರು ಯಾವತ್ತೋ ಗಾರೆ ಹಾಕುವುದನ್ನು ಬಿಟ್ಟು, ಕಲ್ಲಿಗೆಲ್ಲ ಸುಣ್ಣದಲ್ಲಿ ನಂಬರು ಬರೆದಿಟ್ಟಿದ್ದಾರೆ. ಮಂಗಳವಾರ ಬೆಳಗ್ಗೆ ಇಬ್ಬರೂ ಪಂಚೆ ಎತ್ತಿ ಕಟ್ಟಿ, "ನಲವತ್ತೆರಡು ಕೊಡಿ ಮೇಷ್ಟ್ರೇ" "ತಗೊಳ್ಳಿ ಪದ್ಮರಾಜಯ್ನೋರೇ, ಕಾಲ ಮೇಲೆ ಹಾಕ್ಕೊಂಡೀರಿ" ಅಂತ ಒಬ್ಬರಿಗೊಬ್ಬರು ಎತ್ತಿಕೊಡುತ್ತಾರೆ. ಅವತ್ತು ಊರಲ್ಲಿ ಒಂದು ಕೈಗಾಡಿ ಖಾಲಿ ಸಿಗುವುದಿಲ್ಲ. ಗಾಡಿ ಯಲ್ಲೋಜಿಗೆ ಫಲಿತಾಂಶದ ದಿನವೇ ಹೇಳಿಡಬೇಕು.

ಆದರೆ ಒಂದು ವಿಷಯ ನಾನು ಯಾರ ಹತ್ತಿರವೂ ಹೇಳಿರಲಿಲ್ಲ. ಬಿಡುಗಡೆಯ ವರ್ಷಗಳಲ್ಲಿ ಇವರು ದಿನಾ ಸಂಜೆ ಮಗಳನ್ನು ನೋಡಲು ಬರುತ್ತಿದ್ದರು. ಬಾಗಿಲು ತಟ್ಟುತ್ತಿದ್ದರು. "ಸರ್ವಮಂಗಳಮ್ಮನವರೇ, ಒಳಗೆ ಬರಬಹುದಾ?" ಅಂತ ಕೇಳುತ್ತಿದ್ದರು. ನಾನು "ಬನ್ನಿ ವಿರೂಪಾಕ್ಷಪ್ಪನವರೇ" ಅನ್ನುತ್ತಿದ್ದೆ. ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು, ಯಾವ ಮದುವೆಯಲ್ಲಿ ಯಾವ ರಾಗ ಊದಿದರು, ಯಾವ ಬೀಗರು ಕುಣಿದರು ಅಂತೆಲ್ಲ ಹೇಳಿ ನಗಿಸುತ್ತಿದ್ದರು. ಅಂಥ ಮನುಷ್ಯ, ಮೊರ ಗೆದ್ದ ಮಂಗಳವಾರದಿಂದ ಬಾಗಿಲು ತಳ್ಳಿಕೊಂಡು ನೇರ ಅಡುಗೆಮನೆಗೆ! "ಏ ಇವಳೇ, ಸಾರಿಗೆ ಉಪ್ಪೇ ಇಲ್ವಲ್ಲೇ" ಅನ್ನುವುದೇನು, ನಾನು ಕೈಹೊಲಿಗೆಗೆ ಅಂತ ಕತ್ತರಿಸಿಟ್ಟ ಬಟ್ಟೆಯಲ್ಲಿ ಪೀಪಿ ಒರೆಸುವುದೇನು! ಅದೇ ಮುಖ, ಅದೇ ಮೀಸೆ. ನನಗೆ ಎಷ್ಟೋ ಸಲ ಅಳು ಬಂದಿದೆ. ಬಾಗಿಲು ತಟ್ಟುವ ಆ ಮನುಷ್ಯ ಎಲ್ಲಿ ಹೋದ ಅಂತ ಇವರನ್ನೇ ಕೇಳಲಿಕ್ಕಾಗುತ್ತದೆಯೇ?

ಈ ಸಲದ ಚುನಾವಣೆಯೂ ಎಂದಿನಂತೆ ಶುರುವಾಯಿತು. ಆಟೋದಲ್ಲಿ ಮೈಕು ಕಟ್ಟಿಕೊಂಡು ಮೊರದವರು "ಪ್ರಕರಣ ನೂರ ಹದಿನೇಳು! ಸರ್ವಮಂಗಳಮ್ಮನವರ ಸಂಸಾರ ಉಳಿಸಲು ಮೊರಕ್ಕೇ ನಿಮ್ಮ ಮತ!" ಅಂತ ಕೂಗಿಕೊಂಡು ಹೋದರೆ, ಹಿಂದೆಯೇ ಜರಡಿಯವರು "ಸರ್ವಮಂಗಳಮ್ಮನವರ ಬಿಡುಗಡೆಯೇ ನಮ್ಮ ಗುರಿ!" ಅಂತ ಬಂದರು. ಮುಖಪರಿಚಯವೂ ಇಲ್ಲದ ಊರ ಜನ, ಆಚೆ ಹಳ್ಳಿಯ ಕುರಿ ಕಾಯುವವರು, ನಾನು ಯಾರ ಜೊತೆ ಮಲಗಬೇಕು ಅಂತ ಮುದ್ರೆ ಒತ್ತಿ ತೀರ್ಮಾನ ಮಾಡುವುದು. ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಆದರೆ ಈ ಸಲ ಮೂರನೆಯವರೊಬ್ಬರು ನಿಂತರು. ಜುಬೇದಾ ಬಾನು ಅಂತ, ಕೋರ್ಟಿನ ದಫ್ತರದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಆಮೇಲೆ ವಕೀಲಿ ಓದಿಕೊಂಡ ಹೆಂಗಸು. ಪಕ್ಷ ಇಲ್ಲ. ಗುರುತು ಬೀಸುಕಲ್ಲು. ಅವರಿಗೆ ಪಕ್ಷವಿಲ್ಲದ್ದರಿಂದ ಅವರು ಕೊಟ್ಟ ತೀರ್ಪು ಯಾವ ಪಕ್ಷದ್ದೂ ಆಗುವುದಿಲ್ಲ, ಹಾಗಾಗಿ ಮುಂದೆ ಯಾವ ಪಕ್ಷ ಬಂದರೂ ಅದನ್ನು ತಿರುಗಿಸುವ ಹಾಗಿಲ್ಲ. ಒಮ್ಮೆ ಬೀಸಿದ್ದು ಹಿಟ್ಟೇ. ಅವರು ನಮ್ಮ ಮನೆಗೂ ಬಂದರು. ಮೈಕಿಲ್ಲ, ಆಟೋ ಇಲ್ಲ, ಕೈಯಲ್ಲೊಂದು ಕೊಡೆ. ನಮ್ಮ ಯಜಮಾನರು ಕೇಳಿದರು, "ನಮ್ಮ ಕೇಸಲ್ಲಿ ಏನು ತೀರ್ಪು ಕೊಡ್ತೀರಿ ಮೇಡಂ?"

"ಅದನ್ನ ನೀವಿಬ್ಬರೂ ಹೇಳೋದು ಕೇಳಿದ ಮೇಲೆ ಹೇಳ್ತೀನಿ" ಅಂದರು ಅವರು.

ಇವರು ಬಾಯಿ ಬಿಟ್ಟುಕೊಂಡು ನೋಡಿದರು. ಆಕೆ ಗೇಟು ದಾಟಿದ ಮೇಲೆ ನನ್ನ ಕಡೆ ತಿರುಗಿ, "ಕೇಳಿದ ಮೇಲೆ ಹೇಳ್ತಾರಂತೆ ಕಣೇ! ಮೊದಲೇ ಗೊತ್ತಿಲ್ಲದೋರು ಜಡ್ಜಿ ಹೆಂಗಾಗ್ತಾರೆ?" ಅಂದರು. ಊರಿಗೆ ಊರೇ ಹಾಗೇ ಅಂದಿತು. ನಲ್ಲಿಯ ಹತ್ತಿರ, ಅಂಗಡಿಯ ಕಟ್ಟೆಯ ಮೇಲೆ ಇದೇ ಮಾತು, ಇದೇ ನಗು.

ಈಗ ನಮ್ಮೂರವರು ಮಾಡಿದ ಎಡವಟ್ಟು ಕೇಳಿ. ನಮ್ಮಲ್ಲಿ ಒಂದು ಮರ್ಯಾದೆ ಇದೆ. ನಾಳೆ ಯಾರ ಜೊತೆ ಬಾವಿ ಹಂಚಿಕೊಳ್ಳಬೇಕೋ ಯಾರ ಕೈಯಲ್ಲಿ ಕಲ್ಲು ಎತ್ತಿಸಬೇಕೋ ಗೊತ್ತಿಲ್ಲವಲ್ಲ, ಎದುರಾಳಿಯ ಮನಸ್ಸು ನೋಯಿಸಬಾರದು ಅಂತ. ಇಷ್ಟು ದಿನ ಇದ್ದದ್ದು ಎರಡೇ ಗುರುತು, ದಾರಿ ಇರಲಿಲ್ಲ. ಈ ಸಲ ಮೂರನೆಯದು ಸಿಕ್ಕಿತು. ಪದ್ಮರಾಜಯ್ಯನವರು ಮೇಷ್ಟ್ರಿಗೆ ಹೇಳಿದರಂತೆ, "ನಿಮ್ಮ ವಿರುದ್ಧ ಯಾಕೆ ಹಾಕಲಿ, ನನ್ನ ಓಟು ಬೀಸುಕಲ್ಲಿಗೆ ಹಾಕಿ ದಂಡ ಮಾಡ್ತೀನಿ." ಮೇಷ್ಟ್ರೂ "ಹಾಗಾದ್ರೆ ನಾನೂ ದಂಡ ಮಾಡ್ತೀನಿ" ಅಂದರಂತೆ. ಮತದಾನದ ದಿನ ಬೆಳಗ್ಗೆ ಇವರು ಚಪ್ಪಲಿ ಮೆಟ್ಟುತ್ತಾ "ನೋಡು, ನಿನ್ನ ಜೊತೆ ಇರಬೇಕು ಅಂತಲೋ ಬೇಡ ಅಂತಲೋ ಹಾಕಿ ನಿನ್ನ ಹತ್ರ ಮಾತು ಕೇಳೋಕೆ ನನಗಾಗಲ್ಲ. ಬೀಸುಕಲ್ಲಿಗೆ ಹಾಕಿ ಕೈ ತೊಳ್ಕೋತೀನಿ" ಅಂದರು. ನಾನೂ ಅದನ್ನೇ ಯೋಚಿಸಿದ್ದೆ. ಪಾಪ, ಆ ಹೆಂಗಸಿಗೆ ನಾಲ್ಕು ಓಟಾದರೂ ಬೀಳಲಿ ಅಂತಲೂ ಇತ್ತು.

ಫಲಿತಾಂಶ ಬಂದಾಗ ಮೊರಕ್ಕೆ ಮುನ್ನೂರ ಹನ್ನೆರಡು, ಜರಡಿಗೆ ಮುನ್ನೂರ ಒಂಬತ್ತು. ಅದೂ ಏಜೆಂಟರು ಮತ್ತು ಅವರ ಮನೆಯವರು. ಉಳಿದ ಊರೆಲ್ಲ ಬೀಸುಕಲ್ಲು! ಒಂದು ಪಟಾಕಿ ಹೊಡೆಯಲಿಲ್ಲ. ಜನ ಬೀದಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಲ್ಲೋಜಿ ಗಾಡಿಗೆ ಎಣ್ಣೆ ಹಾಕಿಕೊಂಡು ಬಂದು "ಅಕ್ಕಾ, ಮಂಗಳವಾರ ಯಾರ ಸಾಮಾನು ಎಲ್ಲಿಗೆ?" ಅಂತ ಕೇಳಿದ. ಗೊತ್ತಿಲ್ಲ ಮಾರಾಯ ಅಂದೆ. ಅವತ್ತು ನಿಜವಾಗಿ ಹೆದರಿಕೆಯಾಯಿತು. ಮೂರು ವರ್ಷ ಅಂದರೆ ಹಲ್ಲು ಕಚ್ಚಿಕೊಂಡು ಕಳೆಯಬಹುದು. ಇನ್ನು ಬರುವ ತೀರ್ಪು ಸಾಯುವವರೆಗೆ. ಹೆಂಡತಿ ಅಂತಾದರೆ ಬಾಗಿಲು ತಟ್ಟುವ ಸದ್ದು ಮತ್ತೆ ಕೇಳುವುದಿಲ್ಲ. ಬಿಡುಗಡೆ ಅಂತಾದರೆ, ಮಗಳೂ ಇಲ್ಲಿಲ್ಲ, ಈ ಮನುಷ್ಯ ಯಾವ ನೆಪಕ್ಕೆ ಬರಬೇಕು?

ಅಷ್ಟರಲ್ಲಿ ಕೋರ್ಟಿನಿಂದ ಕಾಗದ ಬಂತು. ಎಲ್ಲ ಕೇಸಿನವರೂ ಬಂದು ಬಾಯಿಬಿಟ್ಟು ಹೇಳಬೇಕಂತೆ. ನಲವತ್ತು ವರ್ಷದಿಂದ ನಮ್ಮೂರಲ್ಲಿ ಯಾರೂ ಕೋರ್ಟಿನಲ್ಲಿ ಮಾತಾಡಿರಲಿಲ್ಲ. ಪದ್ಮರಾಜಯ್ಯ, ಮೇಷ್ಟ್ರು ಹೋಗಿ ನಿಂತು, ಗೋಡೆ ಯಾರಿಗೆ ಬೇಕಿತ್ತು ಯಾರಿಗೆ ಬೇಡವಾಗಿತ್ತು ಅನ್ನುವುದನ್ನೇ ಮರೆತು, ಕೊನೆಗೆ ಕಲ್ಲನ್ನೆಲ್ಲ ಜೋಡಿಸಿ ಕೂರಲು ಒಂದು ಜಗಲಿ ಮಾಡಿಕೊಳ್ಳುತ್ತೇವೆ ಅಂತ ಬರೆಸಿಕೊಂಡು ಬಂದರು. ಅವರ ಹಿಂದೆಯೇ ನಮ್ಮ ಸರದಿ.

ನಾನು ನೀಲಿ ಸೀರೆ ಉಟ್ಟು ಹೋಗಿದ್ದೆ. ಇವರು ಬ್ಯಾಂಡ್‌ಸೆಟ್ಟಿನ ಕೆಂಪು ಕೋಟು ಹಾಕಿಕೊಂಡು ಬಂದಿದ್ದರು. ಬೇರೆ ಒಳ್ಳೆಯ ಕೋಟು ಅವರಿಗಿಲ್ಲ. ಕೋರ್ಟು ತುಂಬ ಜನ. ಇಪ್ಪತ್ತು ವರ್ಷ ನನ್ನ ಸಂಸಾರಕ್ಕೆ ಓಟು ಹಾಕಿದವರು, ಬಿಡುತ್ತಾರೆಯೇ? ಜುಬೇದಾ ಬಾನು ಕಡತ ಮುಚ್ಚಿಟ್ಟು ನನ್ನ ಮುಖ ನೋಡಿ ಕೇಳಿದರು.

"ನಿಮಗೆ ಏನು ಬೇಕಮ್ಮಾ?"

ಅಯ್ಯೋ, ಏನಂತ ಹೇಳಲಿ! ಇಷ್ಟು ವರ್ಷದಲ್ಲಿ ಒಬ್ಬರಾದರೂ ಈ ಮಾತು ಕೇಳಿದ್ದರೇ? ಮೊರದವರು ಕೇಳಿರಲಿಲ್ಲ, ಜರಡಿಯವರು ಕೇಳಿರಲಿಲ್ಲ, ಪಕ್ಕದಲ್ಲಿ ನಿಂತ ಈ ಕೆಂಪು ಕೋಟಂತೂ ಕೇಳಿರಲೇ ಇಲ್ಲ. "ಸ್ವಲ್ಪ ತಾಳಿ ತಾಯಿ, ಮೊದಲು ಅವರನ್ನ ಒಂದು ಮಾತು ಕೇಳ್ಬೇಕು" ಅಂದೆ. ಆಕೆ ತಲೆಯಾಡಿಸಿದರು. ನಾನು ತಿರುಗಿ, "ರೀ, ನನ್ನ ಮೆಷಿನ್ ನನ್ನ ಕೇಳ್ದೆ ಯಾಕ್ರೀ ಕೊಟ್ರಿ?" ಅಂದೆ.

ಇವರು ಕೋಟಿನ ಹಿತ್ತಾಳೆ ಗುಂಡಿ ತಿರುಗಿಸುತ್ತಾ ನಿಂತರು. ಆಮೇಲೆ ನಿಧಾನಕ್ಕೆ ಅಂದರು, "ತಪ್ಪಾಯ್ತು. ಕೊಟ್ಟ ಮಾರನೇ ದಿನಾನೇ ಗೊತ್ತಾಗಿತ್ತು ನಂಗೆ, ತಪ್ಪಾಯ್ತು ಅಂತ."

"ಗೊತ್ತಾಗಿತ್ತಾ? ಮತ್ತೆ ಬಾಯಲ್ಲಿ ಏನು ಇಟ್ಕೊಂಡಿದ್ರಿ ಇಷ್ಟು ವರ್ಷ!"

"ಮೊದಮೊದಲು ಜಂಬ. ನೀನು ಕೇಸು ಹಾಕಿದ ಮೇಲೆ ಮೊರದ ಏಜೆಂಟು ಬಂದು, ನೀವು ತಪ್ಪು ಒಪ್ಕೊಂಡ್ರೆ ನಮ್ಮ ಪ್ರಣಾಳಿಕೆ ಕೆಡುತ್ತೆ, ಗಂಡ ಮಾಡಿದ್ದು ಸರಿ ಅಂತ ಅಚ್ಚು ಹಾಕ್ಸಿದೀವಿ, ಬಾಯಿ ಬಿಡ್ಬೇಡಿ ಅಂದ. ಮೂರು ವರ್ಷಕ್ಕೊಂದ್ಸಲ ಬಂದು ಅದನ್ನೇ ಹೇಳಿ ಹೋಗ್ತಿದ್ದ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾಕೆಂದರೆ ನನ್ನ ಹತ್ತಿರವೂ ಜರಡಿಯ ಏಜೆಂಟು ಬರುತ್ತಿದ್ದ. "ಅಮ್ಮಾ, ಸಂಜೆ ಹೊತ್ತು ಅವರ ಜೊತೆ ನಗೋದು ಬೀದಿಗೆ ಕೇಳುತ್ತೆ. ಬಾಗಿಲು ಹಾಕ್ಕೊಂಡು ನಗಿ" ಅಂತ ಹೇಳಿ ಹೋಗಿದ್ದ. ಅದನ್ನು ಅಲ್ಲೇ ಜೋರಾಗಿ ಹೇಳಿಬಿಟ್ಟೆ. ಹಿಂದೆ ಕೂತಿದ್ದ ಏಜೆಂಟರಿಬ್ಬರೂ ತಲೆ ಬಗ್ಗಿಸಿದರು, ಜನ ಹೋ ಅಂತ ನಕ್ಕರು. ಇವರು ಮಾತ್ರ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಈಗ ಹೇಳಿ, ಏನು ಬೇಕು?" ಅಂತ ಜುಬೇದಾ ಬಾನು ಎರಡನೇ ಸಲ ಕೇಳಿದರು.

ತಪ್ಪಾಯಿತು ಅಂದರಲ್ಲ, ಇನ್ನೇನು, ಒಟ್ಟಿಗೆ ಬಾಳುತ್ತೇನೆ ಅನ್ನುತ್ತಾಳೆ ಅಂತ ಊರೆಲ್ಲ ಕಿವಿ ನಿಮಿರಿಸಿತ್ತು. ನನಗೂ ಒಂದು ಗಳಿಗೆ ನಾಲಿಗೆ ತುದಿಗೆ ಅದೇ ಬಂದಿತ್ತು. ಆದರೆ ಕಣ್ಣ ಮುಂದೆ ಆ ಮಂಗಳವಾರಗಳು ಬಂದವು, ಬಾಗಿಲು ತಳ್ಳಿಕೊಂಡು ಅಡುಗೆಮನೆಗೆ ನುಗ್ಗುವ ಕಾಲು ಬಂತು. "ಬಿಡುಗಡೆ ಕೊಡಿ ತಾಯಿ" ಅಂದೆ.

"ನೀವೇನಂತೀರಿ?" ಅಂತ ಜುಬೇದಾ ಬಾನು ಇವರನ್ನು ಕೇಳಿದರು. "ಅವಳು ಕೇಳಿದ್ದು ಅವಳಿಗೆ ಸಿಗಲಿ" ಅಂದರು ಇವರು, ಅಷ್ಟೇ. ಆಕೆ ಬರೆದರು, ಮುದ್ರೆ ಒತ್ತಿದರು. ಯಾವ ಪಕ್ಷವೂ ತಿರುಗಿಸದ ತೀರ್ಪು.

ಮಂಗಳವಾರ ತಂಬಿಗೆ, ಕ್ಲಾರಿನೆಟ್, ಜೊತೆಗೆ ಈ ಸಲ ಹಾಸಿಗೆ, ಟ್ರಂಕು, ಕೆಂಪು ಕೋಟು ಎಲ್ಲ ಗಾಡಿಗೆ ಏರಿದವು. ಯಲ್ಲೋಜಿ ಬಾಯಿ ತಪ್ಪಿ "ವಾಪಸ್ ಯಾವಾಗ ಅಣ್ಣಾ?" ಅಂದುಬಿಟ್ಟ. ಇವರು "ಇನ್ನಿಲ್ಲಪ್ಪ" ಅಂದರು. ನಾನು ಒಳಗೆ ಬಂದು ಒಲೆಯ ಮುಂದೆ ಕೂತು ಮನಸಾರೆ ಅತ್ತೆ. ಗಂಡನ ಮನೆಯಿಂದ ಬಂದಿದ್ದ ಮಗಳು "ನೀನೇ ಕೇಳಿ ತಗೊಂಡಿದ್ದಲ್ಲಮ್ಮಾ?" ಅಂದಳು. ಹೌದು ಕಣೇ, ಕೇಳಿ ತಗೊಂಡಿದ್ದಕ್ಕೆ ಅಳಬಾರದಾ ಅಂದೆ. ಬುಧವಾರ ಸಂಜೆ ಯಾರೂ ಬರಲಿಲ್ಲ, ಗುರುವಾರ ಯಾರೂ ಬರಲಿಲ್ಲ. ಲೋಟಕ್ಕೆ ಕಾಫಿ ಬಗ್ಗಿಸಿ, ಆರಿದ ಮೇಲೆ ನಾನೇ ಕುಡಿದೆ.

ಶುಕ್ರವಾರ ಸಂಜೆ ಬೀದಿಯಲ್ಲಿ ಗಾಡಿಯ ಸದ್ದಾಯಿತು. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಯಲ್ಲೋಜಿಯ ಗಾಡಿಯ ಮೇಲೆ, ಗೋಣಿತಾಟು ಹೊದೆಸಿ ಹಗ್ಗ ಬಿಗಿದ ನನ್ನ ಕಾಲುಮೆಷಿನ್! ನಾದಿನಿಯ ಊರಿಂದ ಹನ್ನೆರಡು ಮೈಲಿ ಇಬ್ಬರೂ ತಳ್ಳಿಕೊಂಡೇ ಬಂದಿದ್ದರು, ಮೈಯೆಲ್ಲ ಧೂಳು. ಇವರು ಹಗ್ಗ ಬಿಚ್ಚಲಿಲ್ಲ. ಮೀಸೆ ಒರೆಸಿಕೊಂಡು ಮೆಟ್ಟಿಲು ಹತ್ತಿ ಬಂದರು. ಅವತ್ತು ಸೆಕೆ ಅಂತ ನಾನು ಬಾಗಿಲನ್ನು ಪೂರ್ತಿ ತೆಗೆದಿಟ್ಟಿದ್ದೆ. ಹೊಸ್ತಿಲಿನಿಂದಲೇ ನನ್ನ ಅಡುಗೆಮನೆ ಕಾಣುತ್ತಿತ್ತು, ನಾನು ಕಾಣುತ್ತಿದ್ದೆ, ನೆಲದ ಮೇಲಿನ ಆ ನಾಲ್ಕು ಬಿಳಿ ಗುರುತೂ ಕಾಣುತ್ತಿದ್ದವು. ಅವರು ಹೊಸ್ತಿಲಾಚೆಯೇ ನಿಂತು, ತೆರೆದ ಬಾಗಿಲನ್ನು ಮೂರು ಸಲ ತಟ್ಟಿದರು.

"ಯಾರು?" ಅಂದೆ.